ಮುದ್ರೆ ಹಾಕಿದ ಚೀಲ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಪೆಂಗ್ವಿನ್ ಅಂಟಿಕೊಂಡಿದೆ. ಅಯಸ್ಕಾಂತದ್ದು, ಹೆಬ್ಬೆಟ್ಟಿನಷ್ಟು ಗಾತ್ರದ್ದು. ನನ್ನ ಗಂಡ ದಕ್ಷಿಣ ಧ್ರುವದ ಕಡೆಯ ಹಿಮದ ಮೇಲೆ ಡೇರೆ ಹಾಕಿ ಮಲಗಿ, ಕಾಡು ಪೆಂಗ್ವಿನ್‌ಗಳನ್ನು ನೋಡಿ, ವಾಪಸು ಬರುವಾಗ ಯಾವುದೋ ವಿಮಾನ ನಿಲ್ದಾಣದ ಅಂಗಡಿಯಲ್ಲಿ ನನಗೆಂದು ತಂದದ್ದು. ಅದರ ಕೊಕ್ಕಿಗೆ ಹಳದಿ ಬಳಿದಿದ್ದಾರೆ. ಇವರು ಹೋಗಿದ್ದ ಜಾಗದ ಪೆಂಗ್ವಿನ್‌ಗಳ ಕೊಕ್ಕು ಕಿತ್ತಳೆ ಬಣ್ಣದ್ದು. ಅಷ್ಟು ದೂರ ಹೋಗಿ ಬಂದ ಮನುಷ್ಯನಿಗೆ ಅದು ಕಣ್ಣಿಗೆ ಬೀಳಲಿಲ್ಲ. ಹೋಗದೇ ಇದ್ದ ನನಗೆ ದಿನಾ ಹಾಲು ತೆಗೆಯುವಾಗ ಕಾಣುತ್ತದೆ.

ಅಲ್ಲಿಗೆ ಹೋಗಬೇಕಾಗಿದ್ದವಳು ನಾನು.

ಮೈಸೂರಿನಲ್ಲಿ ನಾನು ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವಳು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಎರಡು ವರ್ಷ, ಬೆಳಗಾದರೆ ಸಾಕು, ದುರ್ಬೀನು ಹಿಡಿದು ನಿಂತು ಹಕ್ಕಿಗೂಡುಗಳನ್ನು ಎಣಿಸಿದ್ದೇನೆ. ವಾಕಿಂಗ್ ಬರುವ ರಿಟೈರ್ಡ್ ಮೇಷ್ಟ್ರುಗಳು "ಏನಮ್ಮ, ಇವತ್ತು ಹಾಜರಿ ಆಯ್ತಾ?" ಎಂದು ರೇಗಿಸುತ್ತಿದ್ದರು. ಎಣಿಸುವುದು ಸುಲಭದ ಕೆಲಸ ಎಂದು ಎಲ್ಲರೂ ತಿಳಿದಿರುತ್ತಾರೆ. ಕಣ್ಣು ಎಲ್ಲಿಂದ ಹೊರಟಿತು, ಎಲ್ಲಿಗೆ ಬಂತು ಎಂಬುದು ನೆನಪಿರಬೇಕು. ಮನಸ್ಸು ಒಂದು ಕ್ಷಣ ಸಾರಿಗೆ ಹಾಕಿದ ಉಪ್ಪಿನ ಕಡೆ ಹೋದರೆ ಮತ್ತೆ ಮೊದಲಿಂದ ಶುರು ಮಾಡಬೇಕು. ನನಗೆ ಅದು ಬರುತ್ತಿತ್ತು. ಬದುಕಿನಲ್ಲಿ ನಾನು ಬೇರೆಯವರಿಗಿಂತ ಚೆನ್ನಾಗಿ ಮಾಡಬಲ್ಲ ಕೆಲಸ ಅದೊಂದೇ ಎಂದು ಈಗಲೂ ನಂಬಿದ್ದೇನೆ.

ಆಮೇಲೆ ಮದುವೆ. ಇವರಿಗೆ ಮಲೇಷಿಯಾದ ಸೈಬರ್‌ಜಯಾದಲ್ಲಿ ಸಾಫ್ಟ್‌ವೇರ್ ಕೆಲಸ, ಮನೆ ಪುಚೊಂಗ್‌ನ ಕಾಂಡೋದ ಹದಿಮೂರನೇ ಮಹಡಿ. ಗಂಡನ ಕೆಲಸದ ಮೇಲೆ ಸಿಗುವ ಪಾಸಿನಲ್ಲಿ ಹೆಂಡತಿ ಇಲ್ಲಿ ಇರಬಹುದು, ದುಡಿಯುವಂತಿಲ್ಲ. ಹದಿನೈದು ವರ್ಷ ಹಾಗೇ ಇದ್ದೆ. ಅಡುಗೆ ಮಾಡಿದೆ, ಮಗಳನ್ನು ಬೆಳೆಸಿದೆ, ಪಕ್ಕದ ಮನೆಯ ತಮಿಳು ಹೆಂಗಸಿನಿಂದ ಕೀರೆ ವಡೆ ಕಲಿತೆ. ಯಾರಾದರೂ "ಕೆಲಸಕ್ಕೆ ಹೋಗ್ಬೇಕು ಅನ್ಸಲ್ವಾ?" ಎಂದು ಕೇಳಿದರೆ "ಇಲ್ಲಪ್ಪ" ಎನ್ನುತ್ತಿದ್ದೆ. ಬೇಜಾರಾ ಎಂದರೆ ಇಲ್ಲ. ತಲೆನೋವಾ ಎಂದರೆ ಇಲ್ಲ. ಏನಾದ್ರೂ ಬೇಕಿತ್ತಾ ಎಂದರೆ ಇಲ್ಲ. ಕೇಳುವವರಿಗೂ ಆ ಉತ್ತರವೇ ಬೇಕಾಗಿರುತ್ತಿತ್ತು. ಇಲ್ಲ ಅಂದರೆ ಮಾತು ಅಲ್ಲಿಗೇ ಮುಗಿಯುತ್ತದಲ್ಲ. ಈ ಅಭ್ಯಾಸದ ವಿಷಯ ಮುಂದೆ ಬರುತ್ತದೆ, ಅದಕ್ಕೆ ಈಗಲೇ ಹೇಳಿದೆ.

ಮಗಳು ಹೈಸ್ಕೂಲಿಗೆ ಬಂದ ಮೇಲೆ ನಾನು ಭಾನುವಾರಗಳಂದು ಕರಾವಳಿಯ ಕೆಸರುಬಯಲಿಗೆ ಹಕ್ಕಿ ನೋಡಲು ಹೋಗುವ ಒಂದು ಗುಂಪು ಸೇರಿಕೊಂಡೆ. ಅಲ್ಲಿ ಪರಿಚಯವಾದವರು ಒಬ್ಬ ಚೀನೀ ಹೆಂಗಸು. ಪೆನಾಂಗ್ ಕಡೆಯವರು, ಭೂಗೋಳ ಕಲಿಸಿ ನಿವೃತ್ತರಾದವರು, ಅರವತ್ತು ದಾಟಿದ್ದರೂ ಬೆನ್ನು ನೆಟ್ಟಗೆ. ಕೆಲವು ವರ್ಷಗಳಿಂದ ಅವರು ಮಲೇಷಿಯಾದಿಂದ ಹತ್ತು ಜನರನ್ನು ಕಟ್ಟಿಕೊಂಡು ಧ್ರುವದ ಹಿಮಕ್ಕೆ ಹೋಗುತ್ತಿದ್ದರು. ಅಲ್ಲಿ ಡೇರೆ ಹಾಕಿ ಇದ್ದು, ಪೆಂಗ್ವಿನ್ ಗೂಡುಗಳನ್ನು ಎಣಿಸಿ, ಲೆಕ್ಕವನ್ನು ಒಂದು ವಿಶ್ವವಿದ್ಯಾಲಯಕ್ಕೆ ಕೊಡುತ್ತಿದ್ದರು. ಅವರನ್ನು ಎಲ್ಲರೂ ಲೀಡರ್ ಎನ್ನುತ್ತಿದ್ದೆವು. ಒಂದು ದಿನ ಅವರು ಮಾಮಕ್ ಅಂಗಡಿಯ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನ, ಮೇಜಿನ ಮೇಲೆ, ರೊಟ್ಟಿ ಚನಾಯ್ ತಟ್ಟೆಗಳ ನಡುವೆ, ಪೆಂಗ್ವಿನ್ ಗೂಡುಗಳ ದೊಡ್ಡ ಫೋಟೋ ಹರಡಿ, "ಎಣಿಸಿ ನೋಡೋಣ" ಎಂದರು. ನಾನು ಮೂರು ಸಲ ಎಣಿಸಿದೆ. ಮೂರು ಸಲವೂ ಒಂದೇ ಸಂಖ್ಯೆ ಬಂತು. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ನೀವು ಬರ್ತೀರಿ ಲಾ," ಎಂದರು, ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ ಆ 'ಲಾ' ಸಮೇತ. ಬರ್ತೀರಾ ಎಂದು ಕೇಳಲಿಲ್ಲ.

ಮನೆಗೆ ಬಂದು ಅರ್ಜಿ ತುಂಬಿದೆ. ಅದರಲ್ಲಿ ಉದ್ಯೋಗ ಎಂಬ ಕಡೆ ಎಂದಿನಂತೆ ಗೃಹಿಣಿ. ಶಿಬಿರದಲ್ಲಿ ನಿಮ್ಮ ಕೆಲಸ ಎಂಬ ಕಡೆ ಲೀಡರ್ ತಾವೇ ಬರೆದುಕೊಟ್ಟಿದ್ದರು: ಎಣಿಸುವವರು. ಆ ಹಾಳೆಯನ್ನು ಎರಡು ದಿನ ಊಟದ ಮೇಜಿನ ಮೇಲೇ ಇಟ್ಟಿದ್ದೆ. ನನಗೆ ಬೇಕಾಗಿದ್ದದ್ದು ಅಷ್ಟೇ. ಇನ್ನೊಂದು ಸಲ, ನಿಜವಾದ ಗೂಡುಗಳ ಮುಂದೆ ನಿಂತು, ಎಣಿಸುವವಳಾಗಬೇಕು. ಪೆಂಗ್ವಿನ್‌ಗಳು ಸಣ್ಣ ಸಣ್ಣ ಕಲ್ಲುಗಳನ್ನು ಗುಡ್ಡೆ ಹಾಕಿ ಗೂಡು ಮಾಡುತ್ತವೆ, ಪಕ್ಕದ ಗೂಡಿನದು ಆ ಕಡೆ ತಿರುಗಿದಾಗ ಅದರ ಕಲ್ಲು ಕದ್ದು ತಂದು ತಮ್ಮ ಗೂಡಿಗೆ ಇಟ್ಟುಕೊಳ್ಳುತ್ತವೆ. ಅದನ್ನು ಪುಸ್ತಕದಲ್ಲಿ ಓದಿದಾಗ ನನಗೆ ಇಪ್ಪತ್ತೆರಡು ವರ್ಷ. ಅದನ್ನು ನೋಡಬೇಕಿತ್ತು.

ತರಬೇತಿ ನಡೆದದ್ದು ಪುಚೊಂಗ್‌ನ ಕೈಗಾರಿಕಾ ಪ್ರದೇಶದ ಒಂದು ಮೀನಿನ ಗೋದಾಮಿನಲ್ಲಿ. ಈ ದೇಶದಲ್ಲಿ ಚಳಿ ಬೇಕೆಂದರೆ ಇನ್ನೆಲ್ಲಿಗೆ ಹೋಗುವುದು? ಶನಿವಾರ ಬೆಳಿಗ್ಗೆ ಹೊರಗೆ ಡಾಂಬರು ಕರಗುವ ಬಿಸಿಲಿರುವಾಗ ನಾವು ಹತ್ತು ಜನ ಒಂದರ ಮೇಲೊಂದು ಬಟ್ಟೆ ಹೇರಿಕೊಂಡು ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಕೋಣೆಗೆ ನುಗ್ಗುತ್ತಿದ್ದೆವು. ಸಿಗಡಿ ಪೆಟ್ಟಿಗೆಗಳ ನಡುವಿನ ಜಾಗದಲ್ಲಿ ದಪ್ಪ ಗ್ಲೌಸು ಹಾಕಿದ ಕೈಯಲ್ಲೇ ಡೇರೆ ಕಟ್ಟಬೇಕು, ಬಿಚ್ಚಬೇಕು, ಮತ್ತೆ ಕಟ್ಟಬೇಕು. ಹಿಮದ ಮೇಲೆ ಏನನ್ನೂ ಬಿಟ್ಟು ಬರುವಂತಿಲ್ಲ, ಉಚ್ಚೆಯನ್ನೂ ಡಬ್ಬಿಯಲ್ಲಿ ತುಂಬಿ ಹಡಗಿಗೆ ತರಬೇಕು ಎಂದು ಲೀಡರ್ ಹೇಳಿದಾಗ ನಾನು ನಕ್ಕುಬಿಟ್ಟಿದ್ದೆ. ಸಸ್ಯಾಹಾರಿ ಮನೆಯ ಹೆಂಗಸು ಮೈಯೆಲ್ಲ ಮೀನು ವಾಸನೆ ಹೊತ್ತುಕೊಂಡು ಲಿಫ್ಟಿನಲ್ಲಿ ಮೇಲೆ ಬಂದರೆ ನೆರೆಯವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಅಷ್ಟು ಖುಷಿಯಾಗಿ ನಾನು ಎಂದೂ ನಾತ ಹೊಡೆದಿರಲಿಲ್ಲ.

ಇವರು ನನ್ನನ್ನು ಗೋದಾಮಿಗೆ ಕಾರಿನಲ್ಲಿ ತಂದು ಬಿಟ್ಟು ಎದುರಿನ ಅಂಗಡಿಯಲ್ಲಿ ತೆ ತಾರಿಕ್ ಚಹಾ ಕುಡಿಯುತ್ತಾ ಕೂತಿರುತ್ತಿದ್ದರು. "ನಮ್ಮನೇಲಿ ಫ್ರೀಜರ್ ಇದ್ಯಲ್ಲೇ, ಅದರೊಳಗೆ ತಲೆ ಇಟ್ಕೊಂಡು ಕೂತ್ಕೊ, ಪೆಟ್ರೋಲಾದ್ರೂ ಉಳಿಯತ್ತೆ" ಎಂಬುದು ಇವರ ಜೋಕು. ಮೂರನೇ ವಾರ ಲೀಡರ್ ಇವರನ್ನು ಒಳಗೆ ಕರೆದರು. ತಂಡಕ್ಕೆ ಒಬ್ಬ ರಿಸರ್ವ್ ಬೇಕಿತ್ತು. ಯಾರಿಗಾದರೂ ಕೊನೆ ಗಳಿಗೆಯಲ್ಲಿ ಕಾಯಿಲೆಯಾದರೆ ಹೊರಡಲು ವೀಸಾ, ವೈದ್ಯರ ಪತ್ರ, ಬೂಟು ಎಲ್ಲ ಸಿದ್ಧವಿರುವ ಹನ್ನೊಂದನೆಯವರು. ಹೇಗೂ ವಾರವಾರ ಬರುತ್ತೀರಲ್ಲ ಎಂದರು. ಇವರು ನಗುತ್ತಾ ಒಪ್ಪಿಕೊಂಡರು.

ಎಣಿಕೆಯ ಅಭ್ಯಾಸಕ್ಕೆ ನಾವು ಸಂಜೆ ಎಲ್‌ಆರ್‌ಟಿ ರೈಲು ಸ್ಟೇಷನ್ನಿನ ಪಕ್ಕದ ಮರಗಳಿಗೆ ಬರುವ ಮೈನಾಗಳನ್ನು ಎಣಿಸುತ್ತಿದ್ದೆವು. ಕೈಯಲ್ಲಿ ಒತ್ತಿದರೆ ಟಿಕ್ ಎನ್ನುವ ಎಣಿಕೆಯ ಯಂತ್ರ. ಒಬ್ಬೊಬ್ಬರೂ ಮೂರು ಸಲ ಎಣಿಸಿ ಬರೆಯಬೇಕು, ಇನ್ನೊಬ್ಬರ ಹಾಳೆ ನೋಡಬಾರದು. ಲೀಡರ್‌ಗೆ ಇದ್ದದ್ದು ಒಂದೇ ನಿಯಮ, ಅದನ್ನು ಅವರು ಪ್ರತಿ ಸಲ ಹೇಳುತ್ತಿದ್ದರು. "ಲೆಕ್ಕ ತಪ್ಪಿದರೆ ತಪ್ಪಿತು ಅನ್ನಿ. ನನಗೆ ಬೇಕಾದ್ದು ಸರಿಯಾದ ಉತ್ತರ ಅಲ್ಲ, ನೀವು ಕಂಡದ್ದು."

ಒಂದು ಸಂಜೆ ಇವರು ನನ್ನ ಪಕ್ಕದಲ್ಲಿ ನಿಂತು ಒಂದು ಸಲ ಎಣಿಸಿದರು, ಎರಡನೇ ಸಲ ಫೋನು ನೋಡಿದರು, ಮೂರನೇ ಸಲ ನನ್ನ ಹಾಳೆ ನೋಡಿದರು. ನನ್ನದಕ್ಕಿಂತ ಎರಡು ಹೆಚ್ಚು, ಮೂರು ಕಡಿಮೆ ಎಂದು ಏನೋ ಬರೆದುಕೊಂಡರು. ನನಗೆ ಕಂಡಿತು. ಲೀಡರ್ ಇವರ ಹಾಳೆ ನೋಡಿ "ಗಂಡ ಹೆಂಡತಿ ಇಬ್ಬರಿಗೂ ಒಳ್ಳೇ ಕಣ್ಣು" ಎಂದು ಹೊಗಳಿದರು. ನಾನು ಸುಮ್ಮನಿದ್ದೆ. ಗಂಡನ ಮರ್ಯಾದೆ ಕಳೆಯಲು ಮನಸ್ಸಾಗಲಿಲ್ಲ. ಜೊತೆಗೆ, ರಿಸರ್ವ್ ತಾನೇ, ಹೋಗುವವರೇನಲ್ಲವಲ್ಲ ಅಂದುಕೊಂಡೆ.

ಹೊರಡುವ ಮೊದಲು ಸಾಮಾನು ಶುದ್ಧ ಮಾಡುವ ಕೆಲಸ. ಆ ಹಿಮದ ನೆಲಕ್ಕೆ ಹೊರಗಿನ ಒಂದು ಬೀಜವೂ, ಚಿಟಿಕೆ ಮಣ್ಣೂ ಹೋಗಬಾರದು. ಜೇಬಿನ ಮೂಲೆ, ಹೊಲಿಗೆ ಸಂದು, ಜಾಕೆಟ್ಟಿನ ಅಂಟುಪಟ್ಟಿ, ಬೂಟಿನ ಅಡಿ ಎಲ್ಲವನ್ನೂ ವ್ಯಾಕ್ಯೂಮ್ ಹಾಕಿ, ಚಿಮುಟದಿಂದ ಒಂದೊಂದೇ ನಾರು ಹೆಕ್ಕಿ ತೆಗೆಯಬೇಕು. ಆಮೇಲೆ ಚೀಲಕ್ಕೆ ತುಂಬಿ ಪ್ಲಾಸ್ಟಿಕ್ ಸೀಲು ಎಳೆದು ಬಿಗಿದು, ಇದನ್ನು ನಾನು ಮತ್ತೆ ತೆರೆಯುವುದಿಲ್ಲ ಎಂದು ಸಹಿ ಮಾಡಬೇಕು. ಸೀಲು ತುಂಡಾದರೆ ಇರಲಿ ಎಂದು ಇನ್ನೆರಡು ಕೊಟ್ಟಿದ್ದರು. ಅದರ ಮೇಲೆ ನಂಬರು ಗಿಂಬರು ಏನಿಲ್ಲ. ಎಲ್ಲ ನಂಬಿಕೆಯ ಮೇಲೆ.

ಹದಿನಾಲ್ಕು ವರ್ಷದ ಮಗಳು ಒಂದು ಇಡೀ ಭಾನುವಾರ ನನ್ನ ಜೊತೆ ನೆಲದ ಮೇಲೆ ಕೂತು ಈ ಕೆಲಸ ಮಾಡಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಫೌಂಡ್ ಒನ್!" ಎಂದು ಕೂಗಿ ಒಂದು ಹುಲ್ಲಿನ ಬೀಜ ಹಿಡಿದು ತೋರಿಸಿದಳು. ಕೊನೆಗೆ ಸೀಲು ಎಳೆದು ಬಿಗಿದವಳೂ ಅವಳೇ. ಇವರ ಚೀಲವನ್ನೂ ಅವತ್ತೇ ನಾವಿಬ್ಬರೇ ಮುಗಿಸಿ ಅಟ್ಟಕ್ಕೆ ಹಾಕಿದೆವು.

ಕೊನೆಯ ತಪಾಸಣೆಯ ಹಿಂದಿನ ದಿನ ಸಂಜೆ ನಮ್ಮ ಕನ್ನಡದ ಹೆಂಗಸರೆಲ್ಲ ಮನೆಗೆ ಬಂದರು. ಅವರಲ್ಲಿ ಹಿರಿಯರು ಒಬ್ಬರಿದ್ದಾರೆ, ಎಲ್ಲರೂ ಅಕ್ಕ ಎನ್ನುತ್ತೇವೆ. ಈ ಊರಿನಲ್ಲಿ ಯಾರ ಬಾಣಂತನ ಆದರೂ, ಯಾರ ಮನೆಯಲ್ಲಿ ಸಾವಾದರೂ ಮೊದಲು ಬಾಗಿಲು ತಟ್ಟುವವರು ಅವರು. "ಅಷ್ಟು ದೂರ, ನೀರು ದಾಟಿ ಹೋಗ್ತಿದ್ದಿ. ಮಡಿಲಕ್ಕಿ ಇಲ್ಲದೆ ಕಳಿಸ್ತೀವಾ?" ಎಂದು ಅಕ್ಕಿ, ಕೊಬ್ಬರಿ, ಬೆಲ್ಲ, ಕುಬಸದ ಬಟ್ಟೆ ಎಲ್ಲ ತಂದಿದ್ದರು. ಮಗಳು ಟ್ಯೂಷನ್ನಿಗೆ ಹೋಗಿದ್ದಳು. ನಾನು ರೇಷ್ಮೆ ಸೀರೆ ಉಟ್ಟು ಕುರ್ಚಿಯ ಮೇಲೆ ಕೂತೆ. ನನ್ನ ಮದುವೆಯ ದಿನವೂ ನಾನು ಅಷ್ಟು ಬೀಗಿರಲಿಲ್ಲ.

ಆಗ ಇವರು ಫೋನು ಹಿಡಿದು ಅಡ್ಡಾಡುತ್ತಾ, "ಆ ಜಾಕೆಟ್ ಹಾಕ್ಕೊಳ್ಳೇ. ಸೀರೆ ಮೇಲೆ ಹಾಕ್ಕೊಂಡ್ರೆ ಫೋಟೋ ಸೂಪರಾಗಿರತ್ತೆ," ಎಂದರು.

"ಸೀಲ್ ಮಾಡಿದೀನಿ ರೀ. ತೆಗೀಬಾರದು."

"ಇನ್ನೆರಡು ಸೀಲ್ ಇದ್ಯಲ್ಲ? ಯಾರಿಗೆ ಗೊತ್ತಾಗತ್ತೆ? ಒಂದು ಫೋಟೋ ಕಣೇ."

ಹೆಂಗಸರೂ ಹೌದು ಹೌದು ಎಂದರು. ತಪ್ಪನ್ನೆಲ್ಲ ಇವರ ತಲೆಗೆ ಕಟ್ಟಲು ಆಗುವುದಿಲ್ಲ. ನನಗೂ ಆಸೆಯಿತ್ತು. ಹದಿನೈದು ವರ್ಷ ಇವರೆಲ್ಲರ ಮನೆಗೆ ಡಬ್ಬಿಯಲ್ಲಿ ಪುಳಿಯೋಗರೆ ಹೊತ್ತುಕೊಂಡು ಹೋದವಳು ನಾನು. ಆ ಕೆಂಪು ಜಾಕೆಟ್ಟಿನಲ್ಲಿ ನನ್ನನ್ನು ಒಂದು ಸಲ ನೋಡಲಿ ಅನ್ನಿಸಿತು. ಕತ್ತರಿ ತಂದು ಸೀಲು ಕತ್ತರಿಸಿದೆ. ಜಾಕೆಟ್ ತೊಟ್ಟು, ಬೆವರುತ್ತಾ, ಮಡಿಲಲ್ಲಿ ಅಕ್ಕಿ ಹಿಡಿದು ಕೂತೆ. ಅಕ್ಕ ಕುಂಕುಮವಿಟ್ಟು, ಆರತಿ ಎತ್ತಿ, "ಕ್ಷೇಮವಾಗಿ ಹೋಗಿ ಬಾ," ಎಂದು ತಲೆಯ ಮೇಲೆ ಅಕ್ಷತೆ ಹಾಕಿದರು. ಒಬ್ಬರಾದ ಮೇಲೊಬ್ಬರು ಎಲ್ಲರೂ ಹಾಕಿದರು. ಅರಿಶಿನ ಹಚ್ಚಿದ ಅಕ್ಕಿ ಪಟಪಟ ಎಂದು ಹೆಗಲ ಮೇಲೆ, ಬೆನ್ನ ಮೇಲೆ ಸುರಿಯಿತು. ಇವರು ಫೋಟೋ ತೆಗೆದರು.

ಅವರೆಲ್ಲ ಹೋದ ಮೇಲೆ ಬಾಲ್ಕನಿಯಲ್ಲಿ ಜಾಕೆಟ್ ಕೊಡವಿದೆ, ವ್ಯಾಕ್ಯೂಮ್ ಹಾಕಿದೆ. ಮಗಳು ಬರುವುದರೊಳಗೆ ಮುಗಿಯಬೇಕಿತ್ತು, ಅವಳಿಗೆ ಗೊತ್ತಾದರೆ ಬೈಯುತ್ತಾಳೆ ಎಂಬ ಭಯ. ಗಡಿಬಿಡಿಯಲ್ಲಿ ಚೀಲಕ್ಕೆ ತುರುಕಿ ಹೊಸ ಸೀಲು ಎಳೆದೆ. ಜಾಕೆಟ್ಟಿಗೇ ಹೊಲಿದ ಟೋಪಿಯ ಒಳಮಡಿಕೆ ನೋಡುವುದು ಮರೆತೆ.

ಮರುದಿನ ಬೆಳಿಗ್ಗೆ ಗೋದಾಮಿನ ಆಫೀಸಿನಲ್ಲಿ ಲೀಡರ್ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ದೀಪ ಇಟ್ಟುಕೊಂಡು, ಒಬ್ಬೊಬ್ಬರ ಚೀಲವನ್ನೂ ತೆರೆದು ನೋಡುತ್ತಿದ್ದರು. ನನ್ನ ಸರದಿ ಬಂದಾಗ ನಗುತ್ತಾ, "ನಿಮ್ಮದರಲ್ಲಿ ಏನು ನೋಡುವುದು," ಎನ್ನುತ್ತಲೇ ಜಾಕೆಟ್ಟಿನ ಟೋಪಿ ಹೊರಳಿಸಿದರು. ಬಿಳಿ ಬಟ್ಟೆಯ ಮೇಲೆ ಎರಡು ಹಳದಿ ಅಕ್ಕಿಕಾಳು ಬಿದ್ದವು.

ಅವರು ಒಂದನ್ನು ಚಿಮುಟದಲ್ಲಿ ಎತ್ತಿ ದೀಪಕ್ಕೆ ಹಿಡಿದರು. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ. "ಸೀಲು ಹಾಕಿದ ಮೇಲೆ ಚೀಲ ತೆರೆದಿದ್ರಾ?" ಎಂದು ಕೇಳಿದರು.

"ಇಲ್ಲ," ಎಂದೆ.

ಯೋಚಿಸಿ ಹೇಳಿದ್ದಲ್ಲ. ಹದಿನೈದು ವರ್ಷ ಎಲ್ಲದಕ್ಕೂ ಹೇಳಿ ಹೇಳಿ ಸವೆದಿದ್ದ ಆ ಉತ್ತರ ತಾನೇ ಬಾಯಿಂದ ಬಂತು. ಇನ್ನೊಂದು ಮಾತು ಸೇರಿಸಿ ಸರಿಮಾಡಲು ಎರಡು ಮೂರು ಉಸಿರಿನಷ್ಟು ಸಮಯವಿತ್ತು. ನಾನು ಆ ಸಮಯವನ್ನು ಅಕ್ಕಿಕಾಳು ನೋಡುತ್ತಾ ಕಳೆದೆ.

ಲೀಡರ್ ನನ್ನ ಹಿಂದೆ ನಿಂತಿದ್ದ ಇವರ ಕಡೆ ತಿರುಗಿದರು. "ನೀವೂ ಅದೇ ಮನೆಯಲ್ಲಿದ್ದೀರಿ. ಚೀಲ ತೆರೆದಿದ್ದರಾ?"

ಇವರು ನನ್ನನ್ನು ನೋಡಿದರು, ಆಮೇಲೆ ನೆಲ ನೋಡಿದರು. "ಹೌದು. ನಿನ್ನೆ ಸಂಜೆ. ಒಂದು ಫೋಟೋಗೆ," ಎಂದರು.

ಫೋಟೋ ತೆಗೆಯೋಣ ಎಂದವರು ಯಾರು ಎಂದು ಅವರು ಕೇಳಲಿಲ್ಲ. ಇವರು ಹೇಳಲಿಲ್ಲ.

ಲೀಡರ್ ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಮೆಲ್ಲಗೆ ಮಾತಾಡಿದರು. ಅಷ್ಟು ಮೆಲ್ಲಗೆ ಮಾತಾಡದೆ ಗದರಿದ್ದರೆ ನಾನು ಜಗಳವಾಡಬಹುದಿತ್ತು. "ಅಕ್ಕಿ ಹಿಮದಲ್ಲಿ ಮೊಳೆಯಲ್ಲ, ನನಗೂ ಗೊತ್ತು. ತೆರೆದೆ ಅಂದಿದ್ರೆ ಇಬ್ಬರೂ ಕೂತು ಇನ್ನೊಂದು ಸಲ ಕ್ಲೀನ್ ಮಾಡ್ತಿದ್ವಿ ಲಾ, ಅರ್ಧ ಗಂಟೆ ಕೆಲಸ. ಆದರೆ ಅಲ್ಲಿ ನಿಮ್ಮ ಪಕ್ಕದಲ್ಲಿ ನಿಂತು ನಾನು ಮತ್ತೆ ಎಣಿಸೋಕಾಗಲ್ಲ. ನೀವು ಹೇಳಿದ್ದನ್ನ ಬರ್ಕೋಬೇಕು." ನನ್ನ ಕೈ ಹಿಡಿದು ಅದುಮಿದರು. ಆಮೇಲೆ ಒಳಗೆ ಹೋಗಿ ಇವರಿಗೆ, ಸತ್ಯ ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದರು, ನಾಳೆ ಹೊರಡಲು ಸಿದ್ಧರಿದ್ದೀರಾ ಎಂದು ಕೇಳಿದರು.

ಇವರ ಚೀಲ ಅಟ್ಟದ ಮೇಲೆ ಮುದ್ರೆ ಒಡೆಯದೆ ಕೂತಿತ್ತು. ಅದನ್ನು ತೆರೆಸಿ ಫೋಟೋ ತೆಗೆಯಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಇವರ ತಲೆಯ ಮೇಲೆ ಯಾರೂ ಅಕ್ಷತೆ ಹಾಕಿರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ, ಟೋಲ್ ದಾಟಿದ ಮೇಲೆ ಇವರು ಹೇಳಿದರು. "ಸುಳ್ಳು ಹೇಳೋಕಾಗ್ಲಿಲ್ಲ ಕಣೇ. ಅವರು ನೇರ ಮುಖ ನೋಡಿ ಕೇಳಿದ್ರು." ಸ್ವಲ್ಪ ಬಿಟ್ಟು, "ಸೀಟು ಸುಮ್ಮನೆ ವೇಸ್ಟ್ ಆಗ್ಬಾರ್ದಲ್ಲ. ನಾನು ಹೋಗ್ಲಾ? ನಿನಗೆ ಬೇಜಾರಾಗತ್ತಾ?"

"ಇಲ್ಲ," ಎಂದೆ.

ಒಂದೇ ಬೆಳಿಗ್ಗೆ ಎರಡನೇ ಸಲ. ಈಗ ಯಾರೂ ಇವರನ್ನು ತಿರುಗಿ ಕೇಳುವವರಿರಲಿಲ್ಲ, ನನ್ನ ಹೆಂಡತಿ ಸುಳ್ಳು ಹೇಳುತ್ತಿದ್ದಾಳೆ ಎಂದು ಇವರೂ ಹೇಳಲಿಲ್ಲ. ಇಂಡಿಕೇಟರ್ ಹಾಕಿ ಎಡಕ್ಕೆ ತಿರುಗಿಸಿದರು.

ಜನರಿಗೆ ಏನು ಹೇಳುವುದು ಎಂಬುದನ್ನು ಇವರೇ ಯೋಚಿಸಿದ್ದರು. ನನಗೆ ಬಿಪಿ ಏರಿತು, ಡಾಕ್ಟರ್ ಬೇಡ ಅಂದರು. "ಅಕ್ಷತೆಯಿಂದ ಹೀಗಾಯ್ತು ಅಂತ ಅಕ್ಕನಿಗೆ ಗೊತ್ತಾದ್ರೆ ಎಷ್ಟು ನೊಂದ್ಕೋತಾರೆ ಗೊತ್ತಾ?" ಎಂದರು. ಹೌದೆನ್ನಿಸಿತು. ಮಗಳಿಗೂ ಅದನ್ನೇ ಹೇಳಿದೆವು. ಅವಳು ದಿನಾ ಸ್ಕೂಲಿಂದ ಬಂದು "ಹೌ ಈಸ್ ಯುವರ್ ಬಿಪಿ?" ಎಂದು ಕೇಳುತ್ತಿದ್ದಳು, ನನ್ನ ಸಾರಿಗೆ ಉಪ್ಪು ಕಡಿಮೆ ಹಾಕುತ್ತಿದ್ದಳು. ಇಲ್ಲದ ರೋಗಕ್ಕೆ ನಾನು ಎರಡು ವಾರ ಸಪ್ಪೆ ಸಾರು ಉಂಡೆ.

ಇವರು ಮೂಗಿನ ತುದಿ ಸುಲಿದುಕೊಂಡು ವಾಪಸು ಬಂದರು. ಸೂಟ್‌ಕೇಸ್ ತೆರೆಯುವ ಮೊದಲೇ ನಾನು ಕೇಳಿದೆ. "ಕಲ್ಲು ಕದಿಯೋದು ನೋಡಿದ್ರಾ?"

"ಯಾವ ಕಲ್ಲು?"

"ಪಕ್ಕದ ಗೂಡಿಂದ."

"ಓ ಅದಾ. ಇರ್ಬೇಕು. ಗಮನಿಸ್ಲಿಲ್ಲ. ಅಯ್ಯೋ ಆ ನಾತ ಕಣೇ! ನಿನ್ನ ಮೀನಿನ ಗೋಡೌನ್ ಎಷ್ಟೋ ವಾಸಿ."

ಎಣಿಕೆ ಏನಾಯಿತು ಎಂದೆ. ಇವರು ನಕ್ಕರು. ಮೊದಲ ದಿನ ಎಣಿಸಿದರಂತೆ. ಆಮೇಲೆ ಗಾಳಿ ಜೋರಾಯಿತಂತೆ, ಕೈ ಮರಗಟ್ಟಿತಂತೆ. "ಆ ಚಳೀಲಿ ಯಾರು ಮೂರು ಮೂರು ಸಲ ಎಣಿಸ್ತಾರೆ? ಪಕ್ಕದಲ್ಲಿದ್ದವನದ್ದು ನೋಡ್ಕೊಂಡು ಹೆಚ್ಚು ಕಡಿಮೆ ಬರ್ದೆ. ಲೀಡರ್ ಏನೂ ಅನ್ಲಿಲ್ಲ. ಒಳ್ಳೇ ಕೆಲಸ ಅಂದ್ರು."

ಹೊಟ್ಟೆ ಉರಿಯುವುದು ಎಂಬ ಮಾತನ್ನು ನಾನು ಅಲ್ಲಿಯವರೆಗೆ ಸುಮ್ಮನೆ ಬಳಸುತ್ತಿದ್ದೆ. ಅವತ್ತು ನಿಜವಾಗಿ ಉರಿಯಿತು, ಪಕ್ಕೆಲುಬಿನ ಕೆಳಗೆ. ನಾನು ಎಣಿಸಬೇಕಾಗಿದ್ದ ಗೂಡುಗಳು ಅವು. ಲೀಡರ್‌ಗೆ ಬರೆದು ತಿಳಿಸಬೇಕು ಎಂದು ಫೋನು ಕೈಗೆತ್ತಿಕೊಂಡೆ. ಮೈನಾಗಳ ಸಂಜೆಯಿಂದ ಹಿಡಿದು ಎಲ್ಲ ಬರೆದೆ. ಓದಿ ನೋಡಿದರೆ ಸುಳ್ಳು ಹೇಳಿ ಸಿಕ್ಕಿಬಿದ್ದವಳೊಬ್ಬಳು ಗಂಡನ ಮೇಲೆ ಚಾಡಿ ಹೇಳಿದಂತೆ ಕಾಣುತ್ತಿತ್ತು. ಅಳಿಸಿದೆ. ನನ್ನ ಮಾತಿಗೆ ಅವರ ಹತ್ತಿರ ಇನ್ನು ಬೆಲೆಯಿಲ್ಲ. ಕಳೆದುಕೊಂಡದ್ದು ಪ್ರಯಾಣ ಮಾತ್ರ ಎಂದುಕೊಂಡಿದ್ದೆ.

ಸಂಕ್ರಾಂತಿಗೆ ಕಾಂಡೋದ ಸಭಾಂಗಣದಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಎಳ್ಳು ಬೀರಿ, ಕಬ್ಬು ಹಂಚಿ ಆದ ಮೇಲೆ ಇವರ ಭಾಷಣ. ಮೊದಲು ಸನ್ಮಾನ. ಶಾಲು ಹೊದಿಸಿ, ಮೈಸೂರು ಪೇಟ ಇಟ್ಟು, ಹಣ್ಣಿನ ತಟ್ಟೆ ಕೊಟ್ಟರು. "ಪಾಪ, ನಿನಗೆ ಆ ಹಾಳು ಬಿಪಿ ಬರದೇ ಇದ್ದಿದ್ರೆ…" ಎಂದು ಅಕ್ಕ ನನ್ನ ಕೈ ಸವರಿದರು. ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಮಗಳು ಈ ಕಡೆ.

ಇವರು ಪೇಟ ತೆಗೆಯದೆ ಮೈಕಿನ ಮುಂದೆ ನಿಂತು, "ನನ್ನ ಹೆಂಡತಿ ಇಲ್ಲದಿದ್ರೆ ಈ ಪ್ರಯಾಣವೇ ಇಲ್ಲ. ಅದಕ್ಕೇ ಮೊದಲ ಚಿತ್ರ ಅವಳದ್ದು," ಎಂದು ಗುಂಡಿ ಒತ್ತಿದರು. ಗೋಡೆಯಷ್ಟು ದೊಡ್ಡದಾಗಿ ನಾನು ಕಾಣಿಸಿಕೊಂಡೆ. ರೇಷ್ಮೆ ಸೀರೆ, ಮೇಲೆ ಕೆಂಪು ಜಾಕೆಟ್ಟು, ಹೆಗಲ ಮೇಲೂ ಟೋಪಿಯ ಮಡಿಕೆಯಲ್ಲೂ ಹಳದಿ ಅಕ್ಕಿ. ಬಾಯಿ ತುಂಬ ನಗು. ಸುತ್ತ ಅಕ್ಕ, ಬಂದಿದ್ದ ಹೆಂಗಸರೆಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಗಳು ತಟ್ಟಲಿಲ್ಲ. ಪರದೆಯನ್ನೇ ನೋಡಿದಳು. "ಬಟ್ ವೀ ಸೀಲ್ಡ್ ದಟ್," ಎಂದಳು, ಮೆಲ್ಲಗಲ್ಲ. "ಅಮ್ಮಾ, ಐ ಸೀಲ್ಡ್ ದಟ್ ಮೈಸೆಲ್ಫ್. ಹೂ ಓಪನ್ಡ್ ಇಟ್?"

ಸುತ್ತ ಕೂತವರು ತಿರುಗಿ ನೋಡಿದರು. ಇವರು ಮೈಕಿನಲ್ಲೇ ನಕ್ಕು, "ಪ್ರಶ್ನೆ ಎಲ್ಲ ಆಮೇಲೆ," ಎಂದರು.

"ನಾನೇ ತೆರೆದೆ," ಎಂದೆ. ಸಭಾಂಗಣ ಚಿಕ್ಕದು, ಮೈಕು ಬೇಕಾಗಲಿಲ್ಲ. "ಈ ಫೋಟೋಗೆ ತೆರೆದೆ. ಮಾರನೇ ದಿನ ಟೋಪಿಯಲ್ಲಿ ಅಕ್ಕಿಕಾಳು ಸಿಕ್ಕಿ ಲೀಡರ್ ಕೇಳಿದಾಗ ಇಲ್ಲ ಅಂತ ಸುಳ್ಳು ಹೇಳಿದೆ. ಅದಕ್ಕೇ ನನ್ನನ್ನ ಬಿಟ್ಟು ಹೋದ್ರು. ನನಗೆ ಬಿಪಿ ಗಿಪಿ ಏನೂ ಇಲ್ಲ."

ಅಕ್ಕ ನನ್ನ ಕೈಯಿಂದ ತಮ್ಮ ಕೈ ತೆಗೆದರು. "ನನ್ನ ಅಕ್ಷತೆಯಿಂದಾನಾ?" ಎಂದು ಕೇಳಿದರು.

"ಅಲ್ಲ ಅಕ್ಕ. ನನ್ನ ಬಾಯಿಂದ."

ನನಗೇನೂ ಹಗುರವಾಗಲಿಲ್ಲ. ಸತ್ಯ ಹೇಳಿದರೆ ಮನಸ್ಸು ಹಗುರವಾಗುತ್ತದೆ ಎನ್ನುವವರು ತಕ್ಕ ಹೊತ್ತಿಗೆ ಹೇಳಿದವರಿರಬೇಕು. ನಾನು ಎರಡು ತಿಂಗಳು ತಡವಾಗಿ, ಬೇರೆಯ ಜನರ ಮುಂದೆ ಹೇಳಿದ್ದೆ. ಕೇಳಬೇಕಾಗಿದ್ದವರು ಅಲ್ಲಿರಲಿಲ್ಲ.

ಮಗಳು ಇನ್ನೂ ಪರದೆ ನೋಡುತ್ತಿದ್ದಳು. ಚಿತ್ರದಲ್ಲಿದ್ದವರನ್ನು ಒಬ್ಬೊಬ್ಬರಾಗಿ ನೋಡಿ ಮುಗಿಸಿ, ಅದರಲ್ಲಿಲ್ಲದ ಅಪ್ಪನ ಕಡೆ ತಿರುಗಿದಳು. ಈ ಸಲ ಕನ್ನಡದಲ್ಲಿ ಕೇಳಿದಳು. ಅವಳು ಅಷ್ಟು ಜನರ ಮುಂದೆ ಕನ್ನಡ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಅಪ್ಪ, ಜಾಕೆಟ್ ಹಾಕ್ಕೊ ಅಂತ ಹೇಳಿದ್ದು ಯಾರು?"

ಇವರು ಪೇಟ ಸರಿಮಾಡಿಕೊಂಡರು. ಹೆಂಗಸರಲ್ಲಿ ಹಲವರು ಅವತ್ತು ನಮ್ಮ ಮನೆಯಲ್ಲಿದ್ದವರೇ. ತಲೆ ತಗ್ಗಿಸಿ ಎಳ್ಳಿನ ಪೊಟ್ಟಣ ನೋಡುತ್ತಿದ್ದರು. ನಾನು ಕಾದೆ. ಲೀಡರ್ ನನಗೆ ಕೊಟ್ಟಿದ್ದಷ್ಟೇ ಸಮಯ, ಎರಡು ಮೂರು ಉಸಿರು, ಇವರಿಗೂ ಸಿಕ್ಕಿತು.

"ಯಾರೋ ಹೇಳಿದ್ರು ಪುಟ್ಟ. ಅಷ್ಟೊಂದು ಜನ ಇದ್ರು, ಯಾರಿಗೆ ನೆನಪಿರತ್ತೆ?" ಎಂದು ಇವರು ಗುಂಡಿ ಒತ್ತಿದರು.

ಪರದೆಯ ಮೇಲೆ ಪೆಂಗ್ವಿನ್‌ಗಳು ಬಂದವು. ಕರೀ ಬಂಡೆಯ ತುಂಬ, ನೂರಾರು, ಒಂದೊಂದೂ ತನ್ನ ಕಲ್ಲಿನ ಗುಡ್ಡೆಯ ಮೇಲೆ ಕಾವಿಗೆ ಕೂತಿತ್ತು. ಇವರು ಚಳಿಯ ಬಗ್ಗೆ ಏನೋ ತಮಾಷೆ ಶುರು ಮಾಡಿದರು. ನಾನು ಮೇಲಿನ ಎಡಮೂಲೆಯಿಂದ ಎಣಿಸತೊಡಗಿದೆ. ಎರಡನೇ ಸಾಲು ಮುಗಿದು ಮೂರನೆಯದಕ್ಕೆ ಬರುವಷ್ಟರಲ್ಲಿ ಇವರು ಮುಂದಿನ ಚಿತ್ರಕ್ಕೆ ಹೋದರು.